ಎಡಗೈ ಕತ್ತರಿ

ನಾಲ್ಕನೆಯ ಮೊಗ್ಗಿನ ಗೊಂಚಲೂ ಕಾಣೆಯಾಗಿತ್ತು.

ದರ್ಜಿ ಊರುಗೋಲನ್ನು ಬಾಲ್ಕನಿಯ ಗೋಡೆಗೆ ಒರಗಿಸಿ ಕುಂಡದ ಮುಂದೆ ಬಗ್ಗಿದ. ನಿನ್ನೆ ಸಂಜೆ ಈ ತುದಿಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪದ ಮೊಗ್ಗುಗಳಿದ್ದವು. ಈಗ ಬೋಳು ಕಡ್ಡಿ. ಹಕ್ಕಿ ಕಿತ್ತಿದ್ದರೆ ತುದಿ ಸೀಳಿರುತ್ತಿತ್ತು, ಹುಳ ತಿಂದಿದ್ದರೆ ಪುಡಿ ಉದುರಿರುತ್ತಿತ್ತು. ಇದು ಕತ್ತರಿಯ ಕೆಲಸ.

ಮರ ಮೊಳದುದ್ದದ್ದು, ಕ್ರೇಪ್ ಮಿರ್ಟಲ್ ಎಂಬ ಹೂಮರವನ್ನು ಕುಂಡದಲ್ಲೇ ಕುಳ್ಳಾಗಿ ಬೆಳೆಸಿದ ಬೋನ್ಸಾಯ್. ಹದಿನೈದು ವರ್ಷ ಸಾಕಿದ್ದ ಅದನ್ನು ಮಾವ ಮದುವೆಯ ದಿನ ಅಂಚು ಮುಕ್ಕಾದ ನೀಲಿ ಕುಂಡದ ಸಮೇತ ಅಳಿಯನ ಕೈಗಿಟ್ಟಿದ್ದರು. "ಮಗಳನ್ನೂ ಇದನ್ನೂ ನಿಮ್ಮ ಕೈಗೆ ಹಾಕಿದೀನಿ. ಎರಡೂ ಬಾಡಬಾರದು" ಎಂದಿದ್ದರು. ನೆಂಟರೆಲ್ಲ ನಕ್ಕರು. ಮಾವ ನಗಲಿಲ್ಲ.

ಹೊಸ ಮನೆಯಲ್ಲಿ ಮರ ಮೊದಲೆರಡು ವರ್ಷ ಹೂ ಬಿಡಲಿಲ್ಲ. ಜಾಗ ಒಗ್ಗಬೇಕು, ಸ್ವಲ್ಪ ಕಾಯಿರಿ ಎಂದು ದರ್ಜಿಯೇ ಎಲ್ಲರಿಗೂ ಸಮಾಧಾನ ಹೇಳಿದ. ಮೂರನೆಯ ವರ್ಷ ಮೈತುಂಬ ಅಚ್ಚ ಬಿಳಿ ಹೂ. ಅಲ್ಲಿಂದೀಚೆ ಇಪ್ಪತ್ತೆಂಟು ವರ್ಷ ಒಮ್ಮೆಯೂ ತಪ್ಪಿಲ್ಲ. ಮಾವ ತೀರಿಕೊಂಡ ಮೇಲೆ ಅವರ ನೆನಪಿಗೆಂದು ಮನೆಯವರಿಗೆ ಉಳಿದದ್ದು ಇದೊಂದೇ. ಕತ್ತರಿ, ತಂತಿ, ಗೊಬ್ಬರ ಎಲ್ಲವೂ ದರ್ಜಿಯದು. ಹೆಂಡತಿಗೂ ಅದನ್ನು ಮುಟ್ಟಲು ಬಿಟ್ಟವನಲ್ಲ.

ಈ ವರ್ಷ ಬಿಡಲೇಬೇಕಾಯಿತು. ಅಂಗಡಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಆಸ್ಪತ್ರೆ, ಆಮೇಲೆ ಮಗಳ ಮನೆ ಎಂದು ನಾಲ್ಕು ತಿಂಗಳು ಹೊರಗೇ ಕಳೆದ. ವಾಪಸು ಬಂದಾಗ ಮರ ಎರಡು ಬೆರಳು ಗಿಡ್ಡವಾಗಿತ್ತು.

"ಹುಳ ಬಿದ್ದಿತ್ತು ರೀ. ಸ್ವಲ್ಪ ಜಾಸ್ತಿನೇ ಕತ್ತರಿಸಬೇಕಾಯ್ತು" ಎಂದಳು ಹೆಂಡತಿ.

"ಕಾಂಡ ಇಷ್ಟು ನುಣ್ಣಗಿದೆಯಲ್ಲೇ?"

"ತೊಗಟೆ ಉದುರೋ ಕಾಲ ಅಲ್ವಾ?"

ಅದೂ ನಿಜವೇ. ಈ ಮರ ವರ್ಷಕ್ಕೊಮ್ಮೆ ತೊಗಟೆ ಕಳಚಿ ಹೊಸ ಮೈ ತೋರಿಸುತ್ತದೆ. ದರ್ಜಿ ಆಗ ನಂಬಿದ.

ಆದರೆ ಮೊಗ್ಗಿನ ವಿಷಯ ಹಾಗಲ್ಲ. ಈ ಮರ ಹೂ ಬಿಡುವುದೇ ಹೊಸ ಚಿಗುರಿನ ತುದಿಯಲ್ಲಿ. ಈಗ ತುದಿ ಹೋದರೆ ಈ ವರ್ಷದ ಹೂವೂ ಹೋದಂತೆ. ಅದು ಗೊತ್ತಿದ್ದವರೇ ಯಾರೋ ಕೈಯಾಡಿಸಿದ್ದಾರೆ. ಭಾನುವಾರ ಬೇರೆ ಬಾಮೈದ ಪ್ರತಿ ವರ್ಷದಂತೆ ಹೂ ನೋಡಲು ಬರುವವನಿದ್ದ. "ಭಾವ, ನಿಮ್ಮ ಕೈಲಿ ಆಗದಿದ್ರೆ ಹೇಳಿ. ಅಪ್ಪನ ಮರ ನಾನೇ ನೋಡ್ಕೋತೀನಿ" ಎಂದು ಹತ್ತು ವರ್ಷದಿಂದ ಜಪ ಮಾಡುತ್ತಿದ್ದ ಆಸಾಮಿ. ಬೋಳು ಮರ ಕಂಡರೆ ಎತ್ತಿಕೊಂಡೇ ಹೋಗುತ್ತಾನೆ.

ದರ್ಜಿ ಕನ್ನಡಕ ಏರಿಸಿ ಕಡಿದ ತುದಿಗಳನ್ನು ನೋಡಿದ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕಣ್ಣು ಅದು. ಅವನು ಕಡಿದರೆ ಓರೆ ಬಲದಿಂದ ಎಡಕ್ಕೆ ಇಳಿಯುತ್ತದೆ. ಇಲ್ಲಿ ನಾಲ್ಕೂ ಎಡದಿಂದ ಬಲಕ್ಕೆ ಇಳಿದಿದ್ದವು. ಎಡಗೈಯವರ ಕೆಲಸ. ಬಾಮೈದ ಎಡಚ. ಸಿಕ್ಕಿಬಿದ್ದ ಮಗ ಎಂದು ದರ್ಜಿ ಹಲ್ಲು ಕಡಿದ.

ಮರುಕ್ಷಣ ನೆನಪಾಯಿತು. ಬಾಮೈದ ಈ ಕಡೆ ತಲೆ ಹಾಕಿ ಎರಡು ವಾರವಾಗಿದೆ. ಮತ್ತು ಮಾವನ ಮನೆಯ ಮಕ್ಕಳಲ್ಲಿ ಎಡಗೈಯವರು ಇಬ್ಬರು.

ಎರಡನೆಯವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಅಕ್ಕ ತಮ್ಮ ಸೇರಿಕೊಂಡರೇ? ಮಾನ ಬಿಟ್ಟು ಹೆಂಡತಿಯ ಕೈಚೀಲ ತಡಕಿದ. ಕಳೆದ ವರ್ಷ ತೆಗೆದ ಮರದ ಫೋಟೋ ಸಿಕ್ಕಿತು. ಅದರ ಮೇಲೆ ಕೊಂಬೆ ಕೊಂಬೆಗೂ ಪೆನ್ಸಿಲ್ ಗುರುತು. ಜೊತೆಗೆ ಸೇತುವೆಯಾಚೆಯ ನರ್ಸರಿಯ ಕಾರ್ಡು. ಆ ಹೆಸರು ಕಂಡದ್ದೇ ಕಾರ್ಡನ್ನು ಸರಕ್ಕನೆ ಚೀಲಕ್ಕೆ ತುರುಕಿದ. ಇವಳಿಗೆ ಅಲ್ಲೇನು ಕೆಲಸ? ಅಲ್ಲಿ ಇವಳಿಗೆ ಯಾರು ಏನು ಹೇಳಿದರು?

ಮಧ್ಯಾಹ್ನ ಊಟವಾದ ಮೇಲೆ ಮಂಚದಲ್ಲಿ ಮಲಗಿ ಸುಳ್ಳು ಗೊರಕೆ ಹೊಡೆದ. ಗೊರಕೆ ಹೊಡೆಯುವುದಿಲ್ಲ ಎಂದು ಮದುವೆಯಾದಾಗಿನಿಂದ ವಾದಿಸಿದವನಿಗೆ ಅದು ಸಲೀಸಾಗಿ ಬಂತು. ಐದು ನಿಮಿಷಕ್ಕೆ ಬಾಲ್ಕನಿಯ ಬಾಗಿಲು ಮೆಲ್ಲಗೆ ಕಿರುಗುಟ್ಟಿತು. ದರ್ಜಿ ಊರುಗೋಲು ಬಿಟ್ಟು, ಗೋಡೆ ಹಿಡಿದು ಕುಂಟುತ್ತ ಹೋದ.

ಐದನೆಯ ಗೊಂಚಲು ಅವಳ ಬಲಗೈಯಲ್ಲಿತ್ತು, ಕತ್ತರಿ ಎಡಗೈಯಲ್ಲಿ.

"ಯಾರು ಹೇಳಿಕೊಟ್ಟರೇ ಇದನ್ನ? ನಿನ್ನ ತಮ್ಮನಾ?"

ಕತ್ತರಿ ಕೆಳಗೆ ಬಿತ್ತು. ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಅಪ್ಪನ ಮರ ಸತ್ತುಹೋಯ್ತು ರೀ. ನೀವು ಆಸ್ಪತ್ರೆಯಲ್ಲಿದ್ದಾಗ ನೀರು ಹಾಕೋದೇ ಮರೆತೆ. ಬೇರೆ ತಂದು, ಫೋಟೋ ನೋಡ್ಕೊಂಡು ಹಾಗೇ ಕತ್ತರಿಸಿ ಅದೇ ಕುಂಡಕ್ಕೆ ಇಟ್ಟೆ. ನರ್ಸರಿಯವನು ಬಿಳೀದೇ ಅಂದ. ನೋಡಿ..." ಅಂಗೈ ಬಿಚ್ಚಿದಳು. ಬಿರಿದ ಮೊಗ್ಗಿನ ಸಂದಿಯಲ್ಲಿ ಗುಲಾಬಿ ಬಣ್ಣ ಇಣುಕುತ್ತಿತ್ತು. "ಹೂವೇ ಬರದಿದ್ರೆ ಯಾರಿಗೂ ಗೊತ್ತಾಗಲ್ಲ. ಈ ಬಣ್ಣ ನೋಡಿದ್ರೆ ತಮ್ಮ ಏನಂತಾನೆ? ಅಪ್ಪ ಇಷ್ಟು ವರ್ಷ ಉಳಿಸಿದ್ದನ್ನ, ನೀವು ಇಷ್ಟು ವರ್ಷ ಉಳಿಸಿದ್ದನ್ನ, ನಾನು ನಾಲ್ಕು ತಿಂಗಳಲ್ಲಿ ಕೊಂದೆ."

ದರ್ಜಿ ಕಷ್ಟಪಟ್ಟು ಬಗ್ಗಿ ಕತ್ತರಿ ಎತ್ತಿಕೊಂಡ. ಅವಳ ಮೇಲೆ ಇನ್ನಿಲ್ಲದ ಮರುಕ ಹುಟ್ಟಿತು, ಅದಕ್ಕಿಂತ ಹೆಚ್ಚು ನಾಚಿಕೆ. ಉಳಿದಿದ್ದ ಒಂದೇ ಒಂದು ಗೊಂಚಲನ್ನು ತಾನೇ ಕಡಿದ, ಬಲದಿಂದ ಎಡಕ್ಕೆ.

"ಅಳಬೇಡ, ಬರೋ ವರ್ಷ ಹೂ ನೋಡ್ಕೊಂಡೇ ಬೇರೆ ತರೋಣ. ಆ ನರ್ಸರಿಯವರ ಮಾತು ಮಾತ್ರ ನಂಬಬೇಡ. ಅವರಪ್ಪನೂ ನನಗೆ ಬಿಳೀದು ಅಂತಲೇ ಹೇಳಿ ಎರಡು ಸಲ ಗುಲಾಬಿ ಬಣ್ಣದ್ದು ಕೊಟ್ಟಿದ್ದ, ನಮ್ಮ ಮದುವೆಯಾದ ಹೊಸದರಲ್ಲಿ."