ಬಸ್ಸಿನ ಬಾಗಿಲಲ್ಲಿ ಚಿಯರ್ಸ್

ನಿವೃತ್ತ ಟೀಚರ್ ಮೇವಿಸ್ ಬಸ್ಸಿನ ಬಾಗಿಲಲ್ಲಿ ಕಂಬಿ ಹಿಡಿದು ನಿಂತೇಬಿಟ್ಟರು. ಬ್ರಿಸ್ಟಲ್ ಊರಲ್ಲಿ ಡ್ರೈವರಿಗೆ ಥ್ಯಾಂಕ್ಸ್ ಬದಲು "ಚಿಯರ್ಸ್" ಅನ್ನೋದು ರೂಢಿ; ಅನ್ನದೆ ಇಳಿದರೆ ಮರ್ಯಾದೆಯಲ್ಲ. ಮುಂದಿನವರೆಲ್ಲ ಹಾಗಂದೇ ಇಳಿದಿದ್ದರು. ಪಾರ್ಶ್ವವಾಯು ಬಡಿದ ಮೇಲೆ ಇವರ ನಾಲಿಗೆಯೇ ಹೊರಳುತ್ತಿರಲಿಲ್ಲ.

"ಇಳೀರಜ್ಜಿ, ನಮಗೂ ಕೆಲಸ ಇದೆ," ಹಿಂದಿನಿಂದ ಒಬ್ಬ ಗೊಣಗಿದ.

ಡ್ರೈವರ್ ಡೆನ್ಜಿಲ್ ಎಂಜಿನ್ನೇ ಆಫ್ ಮಾಡಿದ. "ಸುಮ್ನಿರಪ್ಪ. ನಂಗಿಲ್ಲದ ಅವಸರ ನಿಂಗ್ಯಾಕೆ?"

ಮೇವಿಸ್ ಮತ್ತೆ ಬಾಯಿ ತೆರೆದರು. ಬರೀ ಉಸಿರು ಬಂತು. ಕಣ್ಣು ತುಂಬಿಕೊಂಡು, ಆ ಸೊಟ್ಟ ಬಾಯಲ್ಲೇ ಅವನತ್ತ ನಕ್ಕರು.

"ಬಂತು ಬಿಡಿ, ಮಿಸ್," ಅಂದ ಡೆನ್ಜಿಲ್. "ಚಿಯರ್ ಅನ್ನೋ ಪದಕ್ಕೆ ಮೊದಲು ಮುಖ ಅಂತ ಅರ್ಥ ಇತ್ತು, ಆಮೇಲೆ ಸಂತೋಷ ಅಂತಾಯ್ತು, ಥ್ಯಾಂಕ್ಸ್ ಆಗಿದ್ದು ಮೊನ್ನೆ ಮೊನ್ನೆ ಅಂತ ನಮ್ ಕ್ಲಾಸಲ್ಲಿ ಹೇಳ್ಕೊಟ್ಟೋರು ನೀವೇ ಅಲ್ವಾ? ನಿಮ್ಮ ಮುಖ ನೋಡ್ದೆ, ಸಾಕು. ಹೇಳೋದು ಬಾಕಿ ಇದ್ದಿದ್ದು ನಂದು. ಚಿಯರ್ಸ್, ಮಿಸ್."