ನಾರ್ಮಲ್ ಟ್ಯೂಬು

ರಕ್ತನಾಳಗಳಲ್ಲಿ ಉರಿಯೂತ ಹೇಗೆ ಶುರುವಾಗುತ್ತದೆ ಎಂಬುದು ಆ ವಿಜ್ಞಾನಿಯ ಸಂಶೋಧನೆ. ಲ್ಯಾಬಿನಲ್ಲಿ ಎಲ್ಲರಿಗೂ ಅವರು ಮೇಡಂ. ರೋಗಿಗಳ ರಕ್ತದ ಜೊತೆ ಹೋಲಿಸಿ ನೋಡಲು ಪ್ರತಿ ಸಲವೂ ಒಬ್ಬ ಆರೋಗ್ಯವಂತರ ರಕ್ತ ಬೇಕು. ಅದನ್ನು ಮೇಡಂ ತಾವೇ ತಂದುಕೊಡುತ್ತಿದ್ದರು. ಆ ಟ್ಯೂಬಿನ ಮೇಲೆ 'ನಾರ್ಮಲ್' ಎಂದಷ್ಟೇ ಬರೆದಿರುತ್ತಿತ್ತು.

"ಮೇಡಂ, ಈ ಸಲ ನಾರ್ಮಲ್ ಟ್ಯೂಬೇ ಜಾಸ್ತಿ ತೋರಿಸ್ತಿದೆ," ಎಂದಳು ವಿದ್ಯಾರ್ಥಿನಿ. "ರೋಗಿಗಳಿಗಿಂತ್ಲೂ ಹೆಚ್ಚು ಉರಿಯೂತ."

"ಇನ್ನೊಂದ್ಸಲ ಮಾಡು."

ಮಾಡಿದಳು. ಅದೇ ಬಂತು.

"ಹಾಗಾದ್ರೆ ಟ್ಯೂಬು ಅದಲು ಬದಲಾಗಿದೆ. ಚೆಲ್ಲಿಬಿಡು."

"ಇಲ್ಲ ಮೇಡಂ, ಜೋಡಿಸಿದ್ದು ನಾನೇ. ರಕ್ತ ಕೊಟ್ಟೋರಿಗೆ ಒಂದ್ಸಲ ಡಾಕ್ಟರ ಹತ್ರ ಹೋಗಿ ಅಂತ ಹೇಳಬಹುದಲ್ವಾ?"

"ದಿನಾ ಬೆಳಿಗ್ಗೆ ಬೆಟ್ಟ ಹತ್ತೋ ಮನುಷ್ಯ ಅವರು. ಅವರಿಗೇನಾಗಿರುತ್ತೆ? ಆ ಅಂಕಿ ತೆಗೆದುಹಾಕು."

ಅಂಕಿ ತೆಗೆದ ಮೇಲೆ ಗ್ರಾಫ್ ಅಂದವಾಗಿ ಬಂತು. ಪ್ರಬಂಧ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಯಿತು.

ಅದೇ ವರ್ಷ ಮೇಡಂ ಅವರ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ವಿದ್ಯಾರ್ಥಿನಿ ಬಂದು ಪಕ್ಕದಲ್ಲಿ ಕೂತಳು. ಯಾರೋ ಕೊಟ್ಟ ಮಜ್ಜಿಗೆ ಲೋಟವನ್ನು ಮೇಡಂ ಕುಡಿಯದೆ ಹಿಡಿದುಕೊಂಡೇ ಇದ್ದರು. ಅವರು ಅತ್ತಂತೆ ಕಾಣಲಿಲ್ಲ. ಏನು ಮಾತಾಡಬೇಕೋ ತಿಳಿಯದೆ ಹುಡುಗಿ ಮೆಲ್ಲಗೆ ಕೇಳಿದಳು.

"ಮೊದಲೇ ಏನೂ ಸೂಚನೆ ಇರ್ಲಿಲ್ವಾ ಮೇಡಂ?"

"ಇತ್ತಲ್ಲಮ್ಮ," ಎಂದರು ಮೇಡಂ, ಲೋಟವನ್ನು ಕೆಳಗಿಡುತ್ತಾ. "ಎರಡು ಸಲ ತೋರಿಸಿದ್ಯಲ್ಲ ನೀನು."