ಸೀರೆಗೊಂದು ಸಾವಿರ

ಹಬ್ಬವಿಲ್ಲ, ಹರಿದಿನವಿಲ್ಲ, ಲಗ್ನದ ಕಾಲವಂತೂ ಅಲ್ಲ. ಆದರೂ ವಾರದಿಂದ ಚನ್ನವೀರಪ್ಪನವರ ಸೀರೆ ಅಂಗಡಿಗೆ ಹೆಂಗಸರು ಮುಗಿಬಿದ್ದಿದ್ದರು. ಯಾರ ಮುಖ ನೋಡಿ ಎದ್ದೆನೋ ಎಂದು ಸಾಹುಕಾರರು ಹಿಗ್ಗುತ್ತಿದ್ದರು. ಕಾರಣ ತಿಳಿದದ್ದು ಇವತ್ತು, ಒಬ್ಬಾಕೆ ಬಂದು ಕೈಮುಗಿದಾಗ.

“ನನ್ನ ಮಗಳ ಆಪರೇಷನ್ ದುಡ್ಡು ಯಾವತ್ತು ಕೊಡ್ತೀರಿ ಸಾಹುಕಾರ್ರೇ?”

ಆಕೆ ಮೊಬೈಲ್ ಮುಂದೆ ಹಿಡಿದಳು. ಹುಡುಗಿಯ ಫೋಟೋ, ಅದರ ಕೆಳಗೆ ಅವರದೇ ಅಂಗಡಿಯ ಹೆಸರು. ಇಲ್ಲಿ ಒಂದು ಸೀರೆ ಕೊಂಡರೆ ಅಂಗಡಿಯವರು ಈ ಮಗುವಿಗೆ ಸಾವಿರ ರೂಪಾಯಿ ಕೊಡುತ್ತಾರೆ, ಹತ್ತು ಜನಕ್ಕೆ ಕಳಿಸಿ ಎಂದಿತ್ತು.

ಚನ್ನವೀರಪ್ಪನವರು ಅದನ್ನು ಎರಡು ಸಲ ಓದಿದರು. “ಇದು ನಾನು ಹೇಳಿದ್ದಲ್ಲ ತಾಯಿ. ಯಾರೋ ಸುಳ್ಳು ಹಬ್ಬಿಸಿದ್ದಾರೆ.”

“ಊರಿಗೆಲ್ಲ ಬಂದಿದೆಯಲ್ಲ?”

“ಬಂದದ್ದೆಲ್ಲ ನಿಜ ಆಗುತ್ತಾ? ನನ್ನ ಕೈಲಾದದ್ದು ಕೊಡ್ತೀನಿ. ಮಿಕ್ಕದ್ದಕ್ಕೆ ನಿಮ್ಮ ಓಣಿಯವರನ್ನ ಕೇಳಿ ನೋಡಿ. ಇಲ್ಲ ಅನ್ನಲಿಕ್ಕಿಲ್ಲ.”

“ಅವರದ್ದು ಕೊಟ್ಟಾಯ್ತಲ್ಲ. ಮನೆಗೊಂದು ಸೀರೆ ತಗೊಂಡ್ರು.”

ಆಕೆ ಇನ್ನೂ ಗಂಜಿ ಬಿಡದ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

“ನಾನು ಉಟ್ಟಿರೋದೂ ನಿಮ್ಮ ಅಂಗಡೀದೇ.”